ಹಕ್ಕಿಯಲ್ಲ, ಗಿಲ್ಜಾ

ಹೆಣ್ಣು ಹುಟ್ಟಿದರೆ ಹಂದಿ ಕೊಯ್ದು ಊರಿಗೆ ಊಟ, ಗಂಡು ಹುಟ್ಟಿದರೆ ಕುಂಡೆಗೊಂದು ಒದೆ. ಜೆಜು ದ್ವೀಪದ ಮೂಡಣ ದಂಡೆಯ ಆ ಊರಿನಲ್ಲಿ ಹಾಗೆನ್ನುತ್ತಿದ್ದ ಕಾಲದಲ್ಲಿ ಹುಟ್ಟಿದವಳು ಬು ಇಲ್ಸುನ್. ಹದಿನೈದನೇ ವರ್ಷಕ್ಕೆ ಬಲೆ ಕಟ್ಟಿದ ತೇಲುಬುರುಡೆ ಹಿಡಿದು ಕಡಲಿಗೆ ಇಳಿದವಳು ಎಪ್ಪತ್ತೆರಡರವರೆಗೂ ಇಳಿಯುತ್ತಲೇ ಇದ್ದಳು. ಬೆನ್ನಿಗೆ ಸಿಲಿಂಡರಿಲ್ಲ, ಮೂಗಿಗೆ ಕೊಳವೆಯಿಲ್ಲ. ಎದೆ ತುಂಬ ಒಂದು ಉಸಿರು, ಬಂಡೆಗೆ ಕಚ್ಚಿಕೊಂಡ ಚಿಪ್ಪು ಎಬ್ಬಿಸಲು ಕೈಯಲ್ಲೊಂದು ಕಬ್ಬಿಣದ ಮೀಟುಗೋಲು, ಅಷ್ಟೇ. ಗಂಡ ಬದುಕಿದ್ದಷ್ಟು ದಿನ ಜಗುಲಿಯ ಮೇಲೆ ಕೂತು ಸಿಗರೇಟು ಸೇದಿದ. ಇವಳು ಮುಳುಗಿ ಎದ್ದು ಮೂರು ಮಕ್ಕಳನ್ನು ದಡ ಸೇರಿಸಿದಳು. ಊರಿನಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಮೀನುಗಾರರ ಸಂಘದ ಅಧ್ಯಕ್ಷ ಕೂಡ ಅವಳು ಎದುರಿಗೆ ಬಂದರೆ ಚಪ್ಪಲಿಯ ಬಾರು ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದ.

ಇಂಥ ಬಾಯಿಯ ಹೆಂಗಸು ಒಂದೇ ಒಂದು ಮಾತನ್ನು ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವಳ ಕಿವಿ ಹೋಗಿತ್ತು.

ಕಡಲು ಮೊದಲು ತಿನ್ನುವುದು ಕಿವಿಯನ್ನೇ. ಆಳದ ನೀರು ಒತ್ತಿ ಒತ್ತಿ ಒಂದು ದಿನ ತಮಟೆ ಹರಿಯುತ್ತದೆ. ಮೊದಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಕೆಟಲಿನ ಸಿಳ್ಳೆ, ಆಮೇಲೆ ಮೊಮ್ಮಕ್ಕಳ ಮಾತು. ಬೇರೆ ಕೆಲಸದವರಾದರೆ ಡಾಕ್ಟರ ಬಳಿ ಹೋಗಿ ಮಷೀನು ಹಾಕಿಸಿಕೊಂಡು ಸುಮ್ಮನಾಗುತ್ತಿದ್ದರು. ಕಡಲಿನ ಹೆಂಗಸಿಗೆ ಅದು ಹಾಗಲ್ಲ. ಅಲ್ಲಿ ಒಬ್ಬಳೇ ನೀರಿಗೆ ಇಳಿಯುವಂತಿಲ್ಲ, ಜೊತೆಗಾತಿ ಇರಲೇಬೇಕು. ತಳದಿಂದ ಮೇಲೆ ಬಂದವಳ ಎದೆಯಲ್ಲಿ ಕಟ್ಟಿದ ಗಾಳಿ ತುಟಿಯ ಸಂದಿನಿಂದ ‘ಹ್ವೀ’ ಎಂದು ಸಿಳ್ಳೆಯಾಗಿ ಹೊರಬೀಳುತ್ತದೆ. ಒಬ್ಬೊಬ್ಬಳ ಸಿಳ್ಳೆ ಒಂದೊಂದು ಥರ. ಜೊತೆಗಾತಿಯ ಸಿಳ್ಳೆ ಎರಡು ಸಲ ಕೇಳಿಸಲಿಲ್ಲವೆಂದರೆ ಕೈಯಲ್ಲಿ ಬಂಗಾರವೇ ಇರಲಿ, ಬಿಸಾಡಿ ಅತ್ತ ಈಜಬೇಕು. ಕಿವಿ ಕೇಳದವಳನ್ನು ಯಾರು ಜೊತೆಗೆ ಕರೆದುಕೊಂಡಾರು? ಸಂಘದವರಿಗೆ ಗೊತ್ತಾದರೆ ಆಳಕ್ಕೆ ಬಿಡುವುದಿಲ್ಲ, ದಡದ ಪಾಚಿ ಕೀಳುವ ಮುದುಕಿಯರ ಗುಂಪಿಗೆ ತಳ್ಳುತ್ತಾರೆ. ಇಲ್ಸುನ್ ಊರಿನ ಮೊದಲನೇ ಸಾಲಿನ ಮುಳುಗುಗಾರ್ತಿ. ಆ ಮಾನ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ತುಟಿ ನೋಡಿ ಮಾತು ತಿಳಿದುಕೊಂಡಳು, ನಾಲ್ಕು ಜನ ನಕ್ಕಾಗ ತಾನೂ ನಕ್ಕಳು, ನೀರಿನಲ್ಲಿ ಜೊತೆಗಾತಿಯ ಕಿತ್ತಳೆ ಬಣ್ಣದ ತೇಲುಬುರುಡೆಯ ಮೇಲೆ ಕಣ್ಣಿಟ್ಟಳು. ಕಿವಿಯ ಕೆಲಸ ಕಣ್ಣು ಮಾಡಿತು ಅಂದುಕೊಂಡಳು. ಐದು ವರ್ಷ ಮಾಡಿತು ಕೂಡ.

ಆ ಜೊತೆಗಾತಿಯೇ ಮುನ್ ಗಿಲ್ಜಾ. ಒಂದೇ ಓಣಿಯವರು, ಒಂದೇ ವರ್ಷ ನೀರಿಗೆ ಇಳಿದವರು. ಗಿಲ್ಜಾ ಸಣ್ಣ ಆಳು, ಮಾತು ಕಮ್ಮಿ, ನಗು ಜಾಸ್ತಿ. ಹುಡುಗಿಯರಾಗಿದ್ದಾಗಲೇ ಇಬ್ಬರೂ ಸೇರಿ ತಮ್ಮದೇ ಒಂದು ಕರೆ ಮಾಡಿಕೊಂಡಿದ್ದರು: ಎರಡು ಗಿಡ್ಡ ಸಿಳ್ಳೆ, ಒಂದು ಉದ್ದ. ಅಂದರೆ ‘ಇಲ್ಲಿ ಬಾ’. ಬಲೆ ಬಂಡೆಗೆ ಸಿಕ್ಕಿದರೆ, ದೊಡ್ಡ ಅಷ್ಟಪದಿ ಸಿಕ್ಕಿದರೆ, ಸುಮ್ಮನೆ ಬೇಸರವಾದರೂ ಹಾಗೆ ಕರೆಯುತ್ತಿದ್ದರು. ಕಿವಿ ಹೋದ ಮೇಲೆ ಗಿಲ್ಜಾ ಮುಖ ಇತ್ತ ತಿರುಗಿಸಿದ್ದು ಕಂಡರೆ ಸಾಕು, ಇಲ್ಸುನ್ ಅತ್ತ ಈಜುತ್ತಿದ್ದಳು.

ನಾಲ್ಕು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಗಿಲ್ಜಾ ನೀರಿನಲ್ಲಿ ಸತ್ತಳು. ಇಲ್ಸುನ್ ನಲವತ್ತು ಮಾರು ದೂರದಲ್ಲಿದ್ದಳು. ಅವತ್ತು ಅಲೆ ಎದ್ದಿತ್ತು, ಬುರುಡೆ ಕಾಣುವುದು, ಮರೆಯಾಗುವುದು. ಮತ್ತೆ ಕಂಡಾಗ ಬುರುಡೆ ಒಂದೇ ತೇಲುತ್ತಿತ್ತು. ಡಾಕ್ಟರು ಹೃದಯ ನಿಂತಿದೆ ಎಂದರು. ಕರಾವಳಿ ಪೊಲೀಸಿನವನು ನೋಟ್‌ಬುಕ್ ತೆರೆದು ಕೇಳಿದ.

“ಅಜ್ಜಿ, ಅವರು ಕೂಗಿದ್ದೇನಾದ್ರೂ ಕೇಳಿಸ್ತಾ?”

“ಇಲ್ಲ. ಏನೂ ಕೇಳಿಸ್ಲಿಲ್ಲ.”

ನಿಜವನ್ನೇ ಹೇಳಿದ್ದಳು. ಅಷ್ಟು ದೊಡ್ಡ ಸುಳ್ಳನ್ನು ಅವಳು ಜೀವಮಾನದಲ್ಲಿ ಬೇರೆ ಹೇಳಿರಲಿಲ್ಲ.

ಗಿಲ್ಜಾಳ ಮಗಳು ಮಿರಾನ್ ಅದನ್ನೇ ಎದೆಗೆ ಅಪ್ಪಿಕೊಂಡಳು. ನಲವತ್ತೈದರ ಹೆಂಗಸು, ಪಟ್ಟಣದಲ್ಲಿ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ತಾಯಿಯ ಮನೆಗೆ ಬಂದಿದ್ದಳು. “ಒಂದೇ ಸಲಕ್ಕೆ ಹೋದಳು. ನರಳಲಿಲ್ಲ, ಕರೀಲಿಲ್ಲ. ಅಷ್ಟೇ ಪುಣ್ಯ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ವರುಷ ವರುಷ ತಾಯಿಯ ತಿಥಿಗೆ ಅಕ್ಕಿಯ ಕಡುಬು, ಹುರಿದ ಮೀನು ಇಟ್ಟು ಕೈಮುಗಿಯುವಾಗಲೂ ಇದೇ ಮಾತು. ಇಲ್ಸುನ್ ತಲೆ ತಗ್ಗಿಸಿಕೊಂಡು ಕಡುಬು ತಿಂದು ಬರುತ್ತಿದ್ದಳು. ಮಂಡಿನೋವು ಎಂದು ಹೇಳಿ ಅವಳು ಮತ್ತೆ ಕಡಲಿಗೆ ಇಳಿಯಲೇ ಇಲ್ಲ. ಮಿರಾನ್ ಇಳಿದಳು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ತಾಯಿಯ ಬುರುಡೆ, ತಾಯಿಯ ಬಲೆ, ಸಿಳ್ಳೆಯೂ ಹೆಚ್ಚುಕಡಿಮೆ ತಾಯಿಯದೇ.

ಇನ್ನು ಒಂದು ಆಟದ ವಿಷಯಕ್ಕೆ ಬರೋಣ.

ಗಿಲ್ಜಾ ಸಾಯುವ ಎರಡು ತಿಂಗಳ ಮೊದಲು ವಿಶ್ವವಿದ್ಯಾಲಯದವರು ಬಂದು ಕಡಲಿನಲ್ಲಿ ಮೂರು ಹಳದಿ ಪೀಪಾಯಿ ತೇಲಿಬಿಟ್ಟು ಅವಕ್ಕೆ ಮೈಕು ಕಟ್ಟಿ ಹೋಗಿದ್ದರು. ನೀರಿನಲ್ಲಿ ಕಷ್ಟಕ್ಕೆ ಸಿಕ್ಕವಳು ಸಿಳ್ಳೆ ಹಾಕಿ ಕರೆದರೆ ದೋಣಿ ನಿಲ್ಲುವ ದಕ್ಕೆಯಲ್ಲಿ ಗಂಟೆ ಹೊಡೆಯುವ ಯಂತ್ರವೊಂದನ್ನು ಮಾಡಬೇಕು ಎಂಬುದು ಅವರ ಯೋಚನೆ. ಯಂತ್ರಕ್ಕೆ ಬುದ್ಧಿ ಎಲ್ಲಿಂದ ಬರಬೇಕು? ಅದಕ್ಕೆ ಸಿಳ್ಳೆ ಯಾವುದು, ಕಡಲಕಾಗೆ ಯಾವುದು, ಗಾಳಿ ಯಾವುದು ತಿಳಿಯುವುದಿಲ್ಲ. ಸಾವಿರಾರು ಗಂಟೆಗಳ ಸದ್ದು ನಾಲ್ಕು ವರ್ಷ ಹಾಗೇ ಬಿದ್ದಿತ್ತು. ಆಗ ದಾಸೊಮ್ ಎಂಬ ಹುಡುಗಿ, ಇಪ್ಪತ್ತೇಳರ ಪ್ರಾಯ, ಮೂಗಿನ ತುದಿಗೆ ಕನ್ನಡಕ, ಅದನ್ನೆಲ್ಲ ಹತ್ತು ಹತ್ತು ಸೆಕೆಂಡಿನ ತುಣುಕು ಮಾಡಿ ಫೋನಿನಲ್ಲಿ ಆಡುವ ಆಟವಾಗಿಸಿದಳು. ತುಣುಕು ಕೇಳುವುದು, ನಾಲ್ಕು ಚಿತ್ರದಲ್ಲಿ ಒಂದನ್ನು ಒತ್ತುವುದು: ಹೆಂಗಸು, ಹಕ್ಕಿ, ಗಾಳಿ, ದೋಣಿ. ಒಂದೊಂದು ತುಣುಕನ್ನು ಐದು ಜನ ಕೇಳುತ್ತಾರೆ. ಮೂವರು ಒಂದನ್ನೇ ಒತ್ತಿದರೆ ಅದೇ ಸರಿ. ಯಂತ್ರ ಅದನ್ನೇ ಕಲಿಯುತ್ತದೆ. ಹೆಚ್ಚು ಜನರ ಜೊತೆ ಹೊಂದಿದವರಿಗೆ ಒಂದು ಚಿಪ್ಪು, ಹೊಂದದವರಿಗೆ ಒಂದು ಚಿಪ್ಪು ಕಡಿತ. ದೇಶದ ತುಂಬ ಕಾಲೇಜು ಹುಡುಗರು ಬಸ್ಸಿನಲ್ಲಿ ನೇತಾಡಿಕೊಂಡು ಆಡತೊಡಗಿದರು.

ದಾಸೊಮ್ ಊರಿನ ಸಮುದಾಯ ಭವನಕ್ಕೂ ಆರು ಟ್ಯಾಬು, ಆರು ದಪ್ಪ ಹೆಡ್‌ಫೋನು ತಂದಳು. ಮುದುಕಿಯರು ಕಿತ್ತಳೆ ಸುಲಿಯುತ್ತಾ ಸುತ್ತ ಕೂತರು.

“ಏನೇ ಹುಡುಗಿ, ನಮ್ಮ ಉಸಿರನ್ನ ಬಸ್ಸಲ್ಲಿ ಕೂತೋರು ಕೇಳ್ತಾರಾ?” ಎಂದಳು ಒಬ್ಬಳು.

“ಹೂಂ ಅಜ್ಜಿ. ಅವ್ರಿಗೆ ಸರಿಯಾಗಿ ಗೊತ್ತಾಗಲ್ಲ, ಅದಕ್ಕೇ ನೀವೂ ಆಡ್ಬೇಕು.”

“ಗಂಡ ಐವತ್ತು ವರ್ಷ ಕೇಳ್ಲಿಲ್ಲ. ಅವರಾದ್ರೂ ಕೇಳ್ಲಿ ಬಿಡು!”

ಇಲ್ಸುನ್ ಮೊದಲು ಬೇಡವೇ ಬೇಡ ಎಂದಳು. ಕಿವುಡಿಯ ಮುಂದೆ ಕಿನ್ನರಿ ಬಾರಿಸಿದಂತಾಗುತ್ತದೆ, ಗುಟ್ಟು ರಟ್ಟಾಗುತ್ತದೆ ಎಂಬ ಭಯ. ಬಲವಂತಕ್ಕೆ ಹೆಡ್‌ಫೋನು ಹಾಕಿಕೊಂಡು ಯಾರೂ ನೋಡದಾಗ ಸದ್ದನ್ನು ತುದಿಮುಟ್ಟ ಏರಿಸಿದಳು. ಅಯ್ಯೋ ದೇವರೇ, ಕಡಲು ಕೇಳಿಸಿತು! ಎಷ್ಟೋ ವರ್ಷದಿಂದ ಕೇಳದಿದ್ದ ನೀರು ತಲೆಯ ಎರಡೂ ಕಡೆ ಮೊರೆಯಿತು. ಅದರ ನಡುವೆ ‘ಹ್ವೀ’ ಎಂದಿತು ಒಂದು ಸಿಳ್ಳೆ. “ಇದು ಸಂಘದ ಮನೆ ಪಕ್ಕದ ಒಕ್‌ಹ್ವಾ! ಹಲ್ಲು ಕಟ್ಟಿಸೋಕೆ ಮುಂಚಿನ ಸಿಳ್ಳೆ!” ಎಂದು ಕೂಗಿದಳು. ಒಕ್‌ಹ್ವಾ ಎದುರಿಗೇ ಕೂತಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಿಂದಾಚೆ ಇಲ್ಸುನ್ ಭವನದ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಲ್ಲುತ್ತಿದ್ದಳು. ಮೂರು ವಾರದಲ್ಲಿ ದೇಶಕ್ಕೇ ಎರಡನೆಯವಳಾದಳು. ದಾಸೊಮ್ ಅವಳಿಗಾಗಿ ಆಟದಲ್ಲಿ ಇನ್ನೊಂದು ಮನೆ ಸೇರಿಸಿದಳು: ಹೆಂಗಸಾದರೆ ಯಾವ ಹೆಂಗಸು? ಅದನ್ನು ತುಂಬಬಲ್ಲವಳು ಇಡೀ ದೇಶದಲ್ಲಿ ಇವಳೊಬ್ಬಳೇ.

ಒಂದು ಮಂಗಳವಾರ, ಇನ್ನೂ ಚಹಾ ಕುಡಿದಿರಲಿಲ್ಲ, ತುಣುಕೊಂದು ಬಂತು. ಜೋರು ಅಲೆ. ಅದರೊಳಗೆ ಎರಡು ಗಿಡ್ಡ, ಒಂದು ಉದ್ದ.

ಇಲ್ಸುನ್ ಕಿವಿಗೊಟ್ಟಳು. ಮತ್ತೆ ಒತ್ತಿದಳು. ಎರಡು ಗಿಡ್ಡ, ಒಂದು ಉದ್ದ. ಸ್ವಲ್ಪ ಬಿಟ್ಟು ಮತ್ತೆ ಹಾಗೇ. ಮೂರನೇ ಸಲ ಎರಡು ಗಿಡ್ಡ ಬಂದವು, ಉದ್ದದ್ದು ಬರಲಿಲ್ಲ.

ತುಣುಕಿನ ಮೇಲೆ ತಾರೀಖಿಲ್ಲ, ಹೆಸರಿಲ್ಲ. ಅವಳಿಗೆ ತಾರೀಖು ಯಾಕೆ ಬೇಕು? ಆ ಕರೆ ಕಲಿತವರು ಜಗತ್ತಿನಲ್ಲಿ ಇಬ್ಬರೇ. ಹೆಂಗಸಿನ ಚಿತ್ರ ಒತ್ತಿದಳು. ಪರದೆ ಕೆಂಪಾಯಿತು. ಉಳಿದ ನಾಲ್ವರೂ ಹಕ್ಕಿ ಒತ್ತಿದ್ದರು. ಅವಳ ಒಂದು ಚಿಪ್ಪು ಹೋಯಿತು.

ಕರೆದಿದ್ದಳು. ಗಿಲ್ಜಾ ಕರೆದಿದ್ದಳು, ಒಂದಲ್ಲ, ಮೂರು ಸಲ. ತಾನು ನಲವತ್ತು ಮಾರು ದೂರದಲ್ಲಿ ಬಂಡೆಯ ಸಂದಿಯ ಚಿಪ್ಪು ಮೀಟುತ್ತಾ ಹಾಯಾಗಿದ್ದಳು.

ಎರಡು ದಿನ ಬಿಟ್ಟು ಅದೇ ಕರೆ ಇನ್ನೊಂದು ಪೀಪಾಯಿಯ ಮೈಕಿನಿಂದ ಬಂತು, ದೂರದಿಂದ ಕೇಳಿದ ಹಾಗೆ. ಇಲ್ಸುನ್ ಸುತ್ತ ನೋಡಿದಳು. ಮಿರಾನ್ ಅಲ್ಲೇ ಕಿಟಕಿಯ ಪಕ್ಕ ಕೂತು ತನ್ನ ಬಲೆಯ ಹರಕು ಹೊಲಿಯುತ್ತಿದ್ದಳು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದಿದ್ದರೂ ಇಲ್ಸುನಳ ಕೈ ತಾನಾಗಿ ಹೆಡ್‌ಫೋನನ್ನು ಒತ್ತಿ ಹಿಡಿಯಿತು, ಸದ್ದು ಆಚೆ ಸೋರದ ಹಾಗೆ. ಈ ಸಲ ಅವಳು ಹಕ್ಕಿಯನ್ನು ಒತ್ತಿದಳು. ಪರದೆ ಹಸಿರಾಯಿತು. ಚಿಪ್ಪೊಂದು ಟಿಣ್ ಎಂದು ಬಿತ್ತು. ಆ ಟಿಣ್ ಸದ್ದಿಗೆ ಹೇಸಿದಷ್ಟು ಅವಳು ಯಾವುದಕ್ಕೂ ಹೇಸಿರಲಿಲ್ಲ.

ಅದೇ ಸಂಜೆ ದಾಸೊಮ್ ಎಲ್ಲರಿಗೂ ಕಡುಬು ಹಂಚಿದಳು. ಮುಂದಿನ ವಾರ ದಕ್ಕೆಯ ಮೇಲೆ ಗಂಟೆ ಕೂರಿಸುತ್ತಾರಂತೆ, ಯಂತ್ರ ನೂರಕ್ಕೆ ತೊಂಬತ್ತಾರು ಸಿಳ್ಳೆ ಸರಿಯಾಗಿ ಹಿಡಿಯುತ್ತದಂತೆ.

“ಇನ್ಮೇಲೆ ಹೆದರಿಕೆ ಇಲ್ಲ ಬಿಡಿ,” ಎಂದಳು ಮಿರಾನ್. ಆ ಊರಿನಲ್ಲಿ ಹಿರಿಯರನ್ನು ಗಂಡಾಗಲಿ ಹೆಣ್ಣಾಗಲಿ ಸಮ್ಚುನ್ ಎಂದೇ ಕರೆಯುವುದು. “ಅಲ್ವಾ ಸಮ್ಚುನ್? ನಾನು ಕೂಗಿದ್ರೆ ಸಾಕು, ಗಂಟೆಗೇ ಕೇಳ್ಸತ್ತೆ.”

ಇಲ್ಸುನ್ ಅವಳ ತುಟಿ ನೋಡಿದಳು. ಈ ಹುಡುಗಿಯ ಸಿಳ್ಳೆ ತಾಯಿಯದರ ಅಚ್ಚು. ನಾಳೆ ಎದೆ ಹಿಡಿದುಕೊಂಡು ಕೂಗಿದರೆ ಯಂತ್ರ ಏನನ್ನುತ್ತದೆ? ಹಕ್ಕಿ ಅನ್ನುತ್ತದೆ. ನಾಲ್ಕು ಜನ ಕಲಿಸಿದ್ದಾರೆ. ಐದನೆಯವಳೂ ಸೇರಿ ಕಲಿಸಿದ್ದಾಳೆ. ಬಾಯಿ ಮುಚ್ಚಿಕೊಂಡಿದ್ದರೆ ಇಲ್ಸುನಳ ಹೆಸರು ಉಳಿಯುತ್ತದೆ, ಮಿರಾನಳ ಸಮಾಧಾನವೂ ಉಳಿಯುತ್ತದೆ. ಮಿರಾನ್ ಉಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲ.

“ದಾಸೊಮ್,” ಎಂದಳು. “ಆ ಗಂಟೆ ಕೂರಿಸ್ಬೇಡ.”

“ಯಾಕಜ್ಜಿ?”

“ನಿನ್ನ ಯಂತ್ರ ತಪ್ಪು ಕಲ್ತಿದೆ. ಎರಡು ಗಿಡ್ಡ, ಒಂದು ಉದ್ದ, ಅದು ಹಕ್ಕಿ ಅಲ್ಲ.”

ದಾಸೊಮ್ ಟ್ಯಾಬಿನಲ್ಲಿ ಹುಡುಕಿ ನೋಡಿದಳು. “ಇದಾ? ಇದನ್ನ ಎಲ್ರೂ ಹಕ್ಕಿ ಅಂದಿದ್ದಾರೆ. ಎರಡನೇ ಸಲ ನೀವೂ ಅಂದಿದ್ದೀರಿ.”

“ಅಂದೆ. ಸುಳ್ಳು ಹೇಳ್ದೆ.” ಇಲ್ಸುನ್ ಮಿರಾನಳ ಕಡೆ ತಿರುಗಿದಳು. “ಅದು ಗಿಲ್ಜಾ.”

ಭವನದಲ್ಲಿ ಕಿತ್ತಳೆ ಸುಲಿಯುತ್ತಿದ್ದ ಕೈಗಳು ನಿಂತವು. ಮಿರಾನ್ ಸೂಜಿ ಕೆಳಗಿಟ್ಟಳು.

“ನಮ್ಮಮ್ಮನಾ? ಯಾವತ್ತಿನದು?”

“ಅವತ್ತಿನದೇ ಕಣೇ. ಬೇರೆ ಯಾವತ್ತೂ ಅವಳು ಹಾಗೆ ಮೂರು ಸಲ ಕರೆದೋಳಲ್ಲ. ಮೊದಲನೇ ಸಲಕ್ಕೇ ನಾನು ಹೋಗ್ತಿದ್ದೆ.”

“ನೀವು ಕೇಳ್ಲಿಲ್ಲ ಅಂದ್ರಿ.”

“ಕೇಳ್ಲಿಲ್ಲ. ನನ್ನ ಕಿವಿ ಹೋಗಿ ಆಗ್ಲೇ ಐದು ವರ್ಷ ಆಗಿತ್ತು. ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ರೆ ಆಳಕ್ಕೆ ಬಿಡ್ತಿರ್ಲಿಲ್ಲವಲ್ಲ.”

ಒಕ್‌ಹ್ವಾ “ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ” ಎಂದು ಮೆಲ್ಲಗೆ ಅಂದಳು. ಇಲ್ಸುನಳಿಗೆ ಅದು ಕೇಳಿಸಲಿಲ್ಲ, ಆದರೆ ತುಟಿ ಕಂಡಿತು.

ಮಿರಾನ್ ಕೂತಲ್ಲಿಂದ ಏಳಲಿಲ್ಲ. “ಅಮ್ಮನಿಗೆ ಗೊತ್ತಿತ್ತಾ? ನಿಮಗೆ ಕೇಳ್ಸಲ್ಲ ಅಂತ?”

“ಇಲ್ಲ. ಗೊತ್ತಿದ್ದಿದ್ರೆ ನನ್ನನ್ನ ಯಾಕೆ ಕರೀತಿದ್ಲು?”

ಮಿರಾನ್ ಹೆಡ್‌ಫೋನಿಗೆ ಕೈ ಚಾಚಿದಳು. ದಾಸೊಮ್ ಕೊಡಲೋ ಬೇಡವೋ ಎಂದು ಇಲ್ಸುನಳ ಮುಖ ನೋಡಿ, ಕೊಟ್ಟಳು. ಹತ್ತೇ ಸೆಕೆಂಡು. ಮಿರಾನ್ ಒಂದೇ ಸಲ ಕೇಳಿದಳು. ಆಮೇಲೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಬಲೆ ಮಡಚಿ ಕಂಕುಳಿಗೆ ಇಟ್ಟುಕೊಂಡು ಹೋದಳು. ಬಾಗಿಲಲ್ಲಿ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡಳು, ಬದಲಿಸಲಿಲ್ಲ, ಹಾಗೇ ನಡೆದಳು.

ಒಂಬತ್ತು ದಿನ ಅವಳು ಇಲ್ಸುನಳ ಓಣಿಯಲ್ಲಿ ಹಾಯಲಿಲ್ಲ. ಬೇರೆಯವರೂ ಹೆಚ್ಚು ಮಾತಾಡಿಸಲಿಲ್ಲ. ಅಂಗಡಿಗೆ ಹೋದರೆ ಜಾಗ ಬಿಟ್ಟು ನಿಲ್ಲುತ್ತಿದ್ದರು. ಇಲ್ಸುನ್ ಯಾರ ಮೇಲೂ ಸಿಟ್ಟಾಗಲಿಲ್ಲ. ಎರಡು ವರ್ಷದ ಹಿಂದೆ, ಅವಳು ಹೇಳದಿದ್ದರೂ ಅನುಮಾನ ಬಂದು, ಮಗ ತಂದುಕೊಟ್ಟಿದ್ದ ಕಿವಿಯ ಮಷೀನನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡಳು. ಇನ್ನು ಮುಚ್ಚಿಡುವುದೇನಿದೆ? ಅದರಿಂದ ಕೇಳಿದ ಮೊದಲ ಮಾತುಗಳು ಒಳ್ಳೆಯವಲ್ಲ. ಕೇಳಿಕೊಂಡಳು.

ದಾಸೊಮ್ ಮಾತ್ರ ಬಂದಳು. ಸಂಕೋಚದಿಂದ ಹೇಳಿದಳು. “ಅಜ್ಜಿ, ಉತ್ತರ ತಿದ್ದಿದ್ದೀನಿ. ಆದ್ರೆ ಸಾಲಲ್ಲ. ಎರಡು ಮೂರು ತುಣುಕು ಕೇಳಿ ಯಂತ್ರ ಕಲಿಯಲ್ಲ. ಅಂಥದ್ದೇ ಐವತ್ತಾದ್ರೂ ಬೇಕು.”

“ಅಂಥದ್ದು ಇನ್ನೆಲ್ಲಿಂದ ತರ್ತೀಯ? ಅವಳು ಸತ್ತಿದ್ದು ಒಂದೇ ಸಲ.”

“ಆ ಕರೆ ನಿಮಗೆ ಬರತ್ತಲ್ಲ.”

“ಗಟ್ಟಿಯಿರೋವಾಗಿನದು ಬೇಕಾ, ಉಸಿರು ಮುಗಿದಾಗಿನದು ಬೇಕಾ?”

“ಎರಡೂ,” ಎಂದಳು ದಾಸೊಮ್, ನೆಲ ನೋಡುತ್ತಾ.

ಅಲೆಯಿಲ್ಲದ ಒಂದು ಬೆಳಿಗ್ಗೆಯನ್ನು ಗೊತ್ತುಮಾಡಿದರು. ಇಲ್ಸುನ್ ನಾಲ್ಕು ವರ್ಷದ ಮೇಲೆ ಕಪ್ಪು ರಬ್ಬರಿನ ಅಂಗಿ ಹಾಕಿಕೊಂಡಳು. ಸೊಂಟದಲ್ಲಿ ಅದು ಸಡಿಲವಾಗಿತ್ತು. ಉಪ್ಪುನೀರು ತಾಗಬಾರದೆಂದು ಕಿವಿಯ ಮಷೀನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಬಂಡೆಯ ಮೇಲಿಟ್ಟಳು. ಹಳದಿ ಪೀಪಾಯಿಯೊಂದನ್ನು ದಡದ ಹತ್ತಿರಕ್ಕೆ ಎಳೆದು ತಂದಿದ್ದರು. ದಾಸೊಮ್ ಬಂಡೆಯ ಮೇಲೆ ಯಂತ್ರ ಇಟ್ಟುಕೊಂಡು ಹೆಡ್‌ಫೋನು ಹಾಕಿ ಕೂತಳು.

ಅಷ್ಟರಲ್ಲಿ ದಕ್ಕೆಯ ಕಡೆಯಿಂದ ಮಿರಾನ್ ಬಂದಳು, ಅವಳೂ ಕಪ್ಪು ಅಂಗಿಯಲ್ಲಿ, ಕಂಕುಳಲ್ಲಿ ಬುರುಡೆ. ಇಲ್ಸುನಳ ಕಡೆ ತಿರುಗಿಯೂ ನೋಡಲಿಲ್ಲ. ದಾಸೊಮಳಿಗೆ ಬೈದಳು.

“ಏನಮ್ಮಾ, ಓದ್ದೋಳು ನೀನು. ಎಪ್ಪತ್ತಾರರ ಮುದುಕಿನ ಒಬ್ಬಳನ್ನೇ ನೀರಿಗೆ ಇಳಿಸ್ತೀಯಾ? ಜೊತೆಗಾತಿ ಇಲ್ದೆ ಇಲ್ಲಿ ಯಾರೂ ಇಳಿಯಲ್ಲ.”

ಇಲ್ಸುನ್ ಎದೆಮಟ್ಟದ ನೀರಿಗೆ ಹೋಗಿ ಕಡಲಿನ ಕಡೆ ಮುಖ ಮಾಡಿ ನಿಂತಳು. ಮಿರಾನ್ ಅವಳ ಹಿಂದೆ, ಹತ್ತು ಮಾರು ಬಿಟ್ಟು ನಿಂತಳು. ಇಲ್ಸುನ್ ಕರೆದಳು: ಎರಡು ಗಿಡ್ಡ, ಒಂದು ಉದ್ದ. ಇಪ್ಪತ್ತು ಸಲ ಹಾಗೆ ಗಟ್ಟಿಯಾಗಿ. ಆಮೇಲೆ ಉಸಿರು ಹಿಡಿದು ಮುಳುಗಿ, ಎದೆ ಬಿರಿಯುವವರೆಗೆ ತಳದ ಕಲ್ಲು ಹಿಡಿದು ಕೂತು, ಎದ್ದು ಕರೆದಳು. ಕೆಲವು ಸಲ ಉದ್ದದ್ದು ಬಂತು, ಕೆಲವು ಸಲ ಗಂಟಲಲ್ಲೇ ಸತ್ತಿತು. ಪ್ರತಿ ಸಲ ಮುಳುಗಿದಾಗಲೂ ಗಿಲ್ಜಾಗೆ ಹೀಗೇ ಆಗಿತ್ತಲ್ಲ, ಹೀಗೇ ಎದ್ದು ನನ್ನ ಕಡೆ ನೋಡಿದಳಲ್ಲ ಎಂದು ಅನ್ನಿಸುತ್ತಿತ್ತು. ಅಳು ಬಂತು. ನೀರಿನಲ್ಲಿದ್ದಳಾದ್ದರಿಂದ ಒರೆಸಿಕೊಳ್ಳುವ ಕೆಲಸವಿರಲಿಲ್ಲ.

ಮೂವತ್ತೊಂದನೆಯದಾದ ಮೇಲೆ ದಾಸೊಮ್ ಹೆಡ್‌ಫೋನು ಸರಿಸಿ ಕೂಗಿದಳು. “ಮಿರಾನ್ ಅಕ್ಕಾ, ನೀವು ಸಿಳ್ಳೆ ಹಾಕ್ಬೇಡಿ! ಮೊದಲಿಂದ್ಲೂ ಅಜ್ಜಿ ಕರೆದಾಗಲೆಲ್ಲ ನಿಮ್ಮ ಸಿಳ್ಳೆನೂ ಬರ್ತಿದೆ. ರೆಕಾರ್ಡು ಕೆಡತ್ತೆ, ಒಂದೂ ಉಪಯೋಗಕ್ಕೆ ಬರಲ್ಲ.”

“ಕೆಟ್ರೆ ಕೆಡ್ಲಿ,” ಎಂದಳು ಮಿರಾನ್. “ಜೊತೆಗಾತಿ ಕರೆದ್ರೆ ಓಗೊಡದೆ ಇರೋಕೆ ನಂಗೆ ಬರಲ್ಲ.”

ಬೆನ್ನು ತಿರುಗಿಸಿ ನಿಂತಿದ್ದ ಇಲ್ಸುನಳಿಗೆ ಇದೊಂದೂ ಕೇಳಿಸಲಿಲ್ಲ. ಹಿಂದಿನಿಂದ ಮೂವತ್ತೊಂದು ಸಲ ಬಂದ ಸಿಳ್ಳೆಯೂ ಕೇಳಿಸಿರಲಿಲ್ಲ. ಅವಳು ಎದೆ ತುಂಬ ಗಾಳಿ ಎಳೆದುಕೊಂಡು ಮತ್ತೆ ಮುಳುಗಿದಳು.